ಓದುಗರ ಸ್ಪಂದನ: ‘ನಿಯತ್ತಾಗಿ ದುಡಿದದ್ದಕ್ಕೆ ಇದೇನಾ ಫಲ?’

(ಸಮಸ್ಯೆ: ಸರ್ಕಾರಿ ಕಚೇರಿಯೊಂದರ ಪ್ರಥಮ ದರ್ಜೆ ಸಹಾಯಕಿ. ಬಡ್ತಿ ತಪ್ಪಿ ಕಿರಿಯರೊಬ್ಬರ ಪಾಲಾಗಿದೆ. ‘ಒಳ್ಳೆಯವರಿಗೆ ಒಳ್ಳೆಯದೇ ಆಗುತ್ತೆ ಅನ್ನೋ ನಂಬಿಕೆ ಹೋದ ಮೇಲೆ ನಿದ್ದೆಯೂ ಹೋಯಿತು. ಅತ್ತೆ ಮಾತ್ರ, ಎಲ್ಲಾ ಪಡೆದುಕೊಂಡು ಬಂದದ್ದು ಅನ್ನುತ್ತಾರೆ’ ಎಂದು ಬರೆದಿದ್ದರು.)

ಮೇಡಂ, ಮೊದಲು ಅತ್ತೆಯವರ ಮಾತು. ಅದು ಕೆಟ್ಟ ಮನಸ್ಸಿನಿಂದಲೇ ಬಂದಿರಬೇಕೆಂದಿಲ್ಲ. 1966ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಪ್ರಕಟಿಸಿದ ಪ್ರಯೋಗವೊಂದಿದೆ. ಉತ್ತರ ತಪ್ಪಿದಾಗಲೆಲ್ಲ ಯುವತಿಯೊಬ್ಬಳು ಕರೆಂಟ್ ಶಾಕ್ ತಿನ್ನುವುದನ್ನು ವಿದ್ಯಾರ್ಥಿನಿಯರು ನೋಡಬೇಕಿತ್ತು. ಶಾಕ್ ಬರೀ ನಟನೆ, ಅದು ಅವರಿಗೆ ಗೊತ್ತಿಲ್ಲ. ಶಾಕ್ ತಪ್ಪಿಸುವ ಅವಕಾಶ ಸಿಕ್ಕವರು ಅವಳನ್ನು ಅಷ್ಟಾಗಿ ಹಳಿಯಲಿಲ್ಲ. ಕೈಕಟ್ಟಿ ನೋಡಬೇಕಾದವರೇ ಅವಳನ್ನು ಕೀಳಾಗಿ ಕಂಡರು. ತಪ್ಪಿಲ್ಲದವಳಿಗೂ ಹೀಗಾಗುತ್ತದೆ ಎಂದು ಒಪ್ಪಿದರೆ ನಾಳೆ ತಮ್ಮ ಗತಿಯೇನು? ‘ಮಾಡಿದ್ದುಣ್ಣೋ ಮಾರಾಯ’ ಎಂದುಬಿಟ್ಟರೆ ಆ ಭಯವಿಲ್ಲ.

ಇನ್ನು ನಿಮ್ಮ ನಂಬಿಕೆ. ಜರ್ಮನಿಯ ಮನಃಶಾಸ್ತ್ರಜ್ಞೆ ಕ್ಲಾಡಿಯಾ ಡಾಲ್ಬರ್ಟ್ ಇದನ್ನು ಎರಡಾಗಿ ಅಳೆದರು: ‘ಲೋಕದಲ್ಲಿ ನ್ಯಾಯವಿದೆ’ ಎನ್ನುವುದು ಒಂದು, ‘ನನ್ನ ಪಾಲಿಗೆ ಸಾಮಾನ್ಯವಾಗಿ ನ್ಯಾಯ ಸಿಗುತ್ತದೆ’ ಎನ್ನುವುದು ಇನ್ನೊಂದು. ನೆಮ್ಮದಿಯ ಜೊತೆ ಹೆಚ್ಚು ನಂಟಿರುವುದು ಎರಡನೆಯದಕ್ಕೆ. ಅದಿದ್ದವರು ಇಂದು ದುಡಿದದ್ದಕ್ಕೆ ನಾಳೆ ಫಲವಿದೆ ಎಂದು ಧೈರ್ಯವಾಗಿ ಕೆಲಸಕ್ಕೆ ಕೈಹಾಕುತ್ತಾರೆ. ಆದರೆ ನಂಬಿದ್ದರಿಂದ ನೆಮ್ಮದಿಯೋ, ನ್ಯಾಯ ಸಿಗುತ್ತಲೇ ಬಂದದ್ದರಿಂದ ನಂಬಿಕೆಯೋ, ಎರಡೂ ಸಾಧ್ಯ. ಆದ್ದರಿಂದ ‘ನಂಬಿ, ಎಲ್ಲ ಸರಿಹೋಗುತ್ತದೆ’ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಪೆಟ್ಟು ಬಿದ್ದದ್ದು ಕಚೇರಿಯಲ್ಲಿ. ಮನೆ, ಗೆಳತಿಯರು, ಬ್ಯಾಂಕು, ಮಕ್ಕಳ ಶಾಲೆ, ಅಲ್ಲೆಲ್ಲ ನಿಮಗೆ ನ್ಯಾಯ ಸಿಗುತ್ತಿದೆಯೇ? ಒಂದೊಂದಾಗಿ ಬರೆದು ನೋಡಿ.
– ಮನಃಶಾಸ್ತ್ರ ಉಪನ್ಯಾಸಕಿ, ಧಾರವಾಡ

ನಿಮ್ಮ ಪತ್ರದಲ್ಲಿ ‘ನನ್ನಲ್ಲೇ ಏನೋ ಕೊರತೆ’ ಎಂದಿದ್ದೀರಿ. ಆ ಸಾಲು ಅಪಾಯದ್ದು. ‘ನನ್ನ ಕೆಲಸದ ಬಗ್ಗೆ ಮೇಲಧಿಕಾರಿ ಬರೆದ ವರದಿಯ ಪ್ರತಿ ಕೇಳಿ ಪಡೆಯಲಿಲ್ಲ’ ಎನ್ನುವುದು ಮುಂದೆ ತಿದ್ದಿಕೊಳ್ಳಬಹುದಾದ ಸಂಗತಿ. ‘ನಾನೇ ಅಯೋಗ್ಯಳು’ ಎನ್ನುವುದರಲ್ಲಿ ತಿದ್ದಲು ಏನೂ ಉಳಿಯುವುದಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ರೂಢಿಗೆ ತಂದ ಬರವಣಿಗೆ ಮಾಡಿ: ದಿನಕ್ಕೆ 15–20 ನಿಮಿಷ, ಸತತ 3–4 ದಿನ, ನಡೆದದ್ದು ಮತ್ತು ಅನಿಸಿದ್ದು ಎರಡನ್ನೂ ಬರೆಯಿರಿ. ಕಾಗುಣಿತ ಯಾರೂ ನೋಡುವುದಿಲ್ಲ. ಬರೆದ ಕೂಡಲೇ ಮನಸ್ಸು ಭಾರವಾಗುವುದು ಸಹಜ, ಹಾಗಾಗಿ ಮಲಗುವ ಹೊತ್ತಿಗೆ ಬೇಡ. ನಾಲ್ಕನೇ ದಿನವೂ ಮೊದಲ ದಿನದ ಬೈಗುಳವೇ ಬಂದರೆ ನಿಲ್ಲಿಸಿ, ಅದು ಗಾಯ ಕೆರೆದುಕೊಂಡಂತೆ. ನಿದ್ದೆ, ಊಟ ಎರಡು ವಾರ ಕಳೆದರೂ ಸರಿಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ; ಉಚಿತ, ಕನ್ನಡದಲ್ಲೇ ಮಾತಾಡಬಹುದು.
– ಆಪ್ತ ಸಮಾಲೋಚಕ, ಮೈಸೂರು

ಬರೆಯುವುದೇ ಆದರೆ ಅರ್ಜಿಯನ್ನೂ ಬರೆಯಿರಮ್ಮ! ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಜ್ಯೇಷ್ಠತಾ ಪಟ್ಟಿ, ಇಲಾಖಾ ಬಡ್ತಿ ಸಮಿತಿಯ ನಡವಳಿ, ನಿಮ್ಮದೇ ಕಾರ್ಯನಿರ್ವಹಣಾ ವರದಿಗಳ ದೃಢೀಕೃತ ಪ್ರತಿ ಕೇಳಿ. ‘ನನಗೇಕೆ ಬಡ್ತಿ ಕೊಡಲಿಲ್ಲ’ ಎಂದು ಬರೆದಿರೋ, ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ. ಆ ಕಾಯ್ದೆಯಡಿ ಸಿಗುವುದು ದಾಖಲೆ, ವಿವರಣೆಯಲ್ಲ. ಕಿರಿಯರ ವರದಿ ಕೇಳಿದರೂ ವೈಯಕ್ತಿಕ ಮಾಹಿತಿ ಎಂದು ತಳ್ಳಿಹಾಕುತ್ತಾರೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ನಿಮಗೆ ತಿಳಿಸದೆ ಯಾವುದಾದರೂ ವರ್ಷದ ದರ್ಜೆ ಇಳಿಸಿದ್ದರೆ ಅದನ್ನೇ ಹಿಡಿದುಕೊಳ್ಳಿ: ವರದಿಯ ಪ್ರತಿಯೊಂದು ನಮೂದನ್ನೂ ನೌಕರರಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2008ರ ದೇವದತ್ ಪ್ರಕರಣದಲ್ಲಿ ಹೇಳಿದೆ. ಇದರ ಬಗ್ಗೆ ಇಲಾಖೆಗೆ ಮನವಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಆರು ತಿಂಗಳು ಹಿಂಬರಹವೇ (ಲಿಖಿತ ಉತ್ತರ) ಬರದಿದ್ದರೆ ಅಲ್ಲಿಂದ ಒಂದು ವರ್ಷದೊಳಗೆ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬೇಕು. ನೆನಪೋಲೆ ಕಳಿಸುತ್ತ ಕೂತರೆ ಆ ಗಡುವು ಮುಂದಕ್ಕೆ ಹೋಗುವುದಿಲ್ಲ.
– ನಿವೃತ್ತ ಕಚೇರಿ ಅಧೀಕ್ಷಕ, ಹಾಸನ