ಗೋಡೆಗಿಂತ ಗಾಜೇ ಹೆಚ್ಚಿರುವ ಕಲ್ಲಿನ ಮನೆ ನಿಂತಿರುವುದು ಹೇಗೆ?

ಪ್ರಶ್ನೆ (ಜೆಪ್ಪು, ಮಂಗಳೂರು)
ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಹಾರ್ಡ್‌ವಿಕ್ ಹಾಲ್ ಎಂಬ ಬಂಗಲೆಯ ಚಿತ್ರಗಳನ್ನು ನೋಡುತ್ತಿದ್ದೆ. 1590ರಲ್ಲಿ ಕೆಲಸ ಆರಂಭವಾಗಿ, 1597ರಲ್ಲಿ ಒಡತಿ ಬೆಸ್ ಆಫ್ ಹಾರ್ಡ್‌ವಿಕ್ ಒಕ್ಕಲಾದ ಮನೆಯಿದು. ಅದರ ಮುಂಭಾಗದಲ್ಲಿ ಗೋಡೆಯನ್ನು ಹುಡುಕಬೇಕು, ಅಷ್ಟು ಕಿಟಕಿಗಳಿವೆ. ನಮ್ಮ ಮುರಕಲ್ಲಿನ ಮನೆಗಳಲ್ಲಿ ಎರಡು ಕಿಟಕಿಗಳ ನಡುವೆ ಸಾಕಷ್ಟು ಗೋಡೆ ಬಿಡದಿದ್ದರೆ ಮೇಸ್ತ್ರಿಯೇ ಒಪ್ಪುವುದಿಲ್ಲ. ಕಾಂಕ್ರೀಟಿಲ್ಲದ ಆ ಕಾಲದಲ್ಲಿ ಮೂರು ಅಂತಸ್ತಿನ ಭಾರವನ್ನು ಹೊತ್ತದ್ದು ಯಾವುದು?

ಉತ್ತರ 1 (ಕದ್ರಿ, ಮಂಗಳೂರು, ಸಿವಿಲ್ ಎಂಜಿನಿಯರ್)
ಉತ್ತರವಿರುವುದು ಮನೆಯ ಒಳಗೆ. ಒಲೆಗಳ ಹೊಗೆಗೂಡುಗಳನ್ನು ಹೊರಗೋಡೆಗೆ ಸೇರಿಸದೆ ಒಳಗಿನ ದಪ್ಪ ಗೋಡೆಗಳಲ್ಲೇ ಹುದುಗಿಸಿದ್ದರಿಂದ, ಹೊರಗೋಡೆಯನ್ನು ದುರ್ಬಲಗೊಳಿಸದೆಯೇ ಕಿಟಕಿಗಳಿಗೆ ಜಾಗ ದೊರೆಯಿತು. ಈ ವಿನ್ಯಾಸ ರಾಬರ್ಟ್ ಸ್ಮಿತ್‌ಸನ್‌ನದೆಂಬುದು ವಿದ್ವಾಂಸರ ಅಭಿಪ್ರಾಯ. ಆತ ಮೂಲತಃ ಕಲ್ಲುಕುಟಿಗ, ಕಲ್ಲಿನ ತಾಳಿಕೆಯನ್ನು ಕೈಯಿಂದಲೇ ಬಲ್ಲವನು.

ಚಿತ್ರದಲ್ಲಿ ಒಂದೇ ಒಂದು ಕಿಟಕಿಯನ್ನು ದೊಡ್ಡದು ಮಾಡಿ ನೋಡಿ. ಅದು ಒಂದು ದೊಡ್ಡ ತೆರಪಲ್ಲ. ಕಲ್ಲಿನ ಸಪೂರ ಕಂಬಗಳೂ ಅಡ್ಡಪಟ್ಟಿಗಳೂ ಸೇರಿದ ಚೌಕಟ್ಟು, ಅದರ ಒಂದೊಂದು ಚೌಕದಲ್ಲೂ ಸೀಸದ ಪಟ್ಟಿಗಳಿಂದ ಜೋಡಿಸಿದ ಸಣ್ಣ ಗಾಜಿನ ಬಿಲ್ಲೆಗಳು. ಹೀಗಾಗಿ ಮೇಲಿನ ಕಲ್ಲು ಒಂದು ಕಂಬದಿಂದ ಇನ್ನೊಂದು ಕಂಬದವರೆಗಿನ ಕಿರಿದಾದ ಅಂತರವನ್ನಷ್ಟೇ ದಾಟಿದರೆ ಸಾಕು. ಅಲ್ಲಿನ ಮರಳುಗಲ್ಲಿನಲ್ಲಿ ಅಷ್ಟು ಸಪೂರ ಕಂಬ ಕಡೆಯಬಹುದು. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ, ಮೈಯೆಲ್ಲ ತೂತಿರುವ ಮುರಕಲ್ಲಿಗೆ ಆ ಕೆಲಸ ಒಗ್ಗದು. ನಮ್ಮಲ್ಲಿ ದಾರಂದಕ್ಕೆ ಮರ ಬಂದದ್ದು ಅದಕ್ಕೇ.

ಉತ್ತರ 2 (ಉಡುಪಿ)
ಮೇಲಿನ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಆ ಕಿಟಕಿಗಳು ಕೇವಲ ಬೆಳಕಿಗಾಗಿ ಇಟ್ಟವಲ್ಲ. ಗಾಜು ಬಹಳ ದುಬಾರಿಯಾಗಿದ್ದ ಕಾಲದಲ್ಲಿ ಅದು ಐಶ್ವರ್ಯದ ಪ್ರದರ್ಶನವಾಗಿತ್ತು. ಕೆಲವು ಕಿಟಕಿಗಳ ಹಿಂದೆ ಕೋಣೆಯೇ ಇಲ್ಲ, ಹೊರಗಿನ ಸಮತೋಲಕ್ಕಾಗಿ ಇಟ್ಟ ಹುಸಿ ಕಿಟಕಿಗಳವು. ಆರು ಗೋಪುರಗಳ ನೆತ್ತಿಯಲ್ಲಿ ಕಲ್ಲಿನಲ್ಲೇ ಕೊರೆದ ‘ಇ ಎಸ್’ ಎಂಬ ಅಕ್ಷರಗಳಿವೆ: ಎಲಿಜಬೆತ್ ಶ್ರೂಸ್‌ಬರಿ, ಅಂದರೆ ಬೆಸ್‌ಳದೇ ಹೆಸರು. ಸಂಕೋಚದ ಹೆಂಗಸಂತೂ ಅಲ್ಲ! ನೆಲ ಅಂತಸ್ತು ಸೇವಕರಿಗೆ, ಅದರ ಮೇಲಿನದು ಮನೆಯವರಿಗೆ, ತುದಿಯದು ಅರಸೊತ್ತಿಗೆಯ ಅತಿಥಿಗಳಿಗೆ ಎಂದಿದ್ದುದರಿಂದ ಕಿಟಕಿಗಳು ಮೇಲೇರಿದಂತೆ ಎತ್ತರವಾಗುತ್ತವೆ. ನಮ್ಮ ಗುತ್ತಿನ ಮನೆಗಳ (ತುಳುನಾಡಿನ ಹಳೆಯ ಜಮೀನುದಾರ ಮನೆತನಗಳ ದೊಡ್ಡ ಮನೆಗಳ) ಘನತೆ ನೆಲಮಟ್ಟದ ಚಾವಡಿಯಲ್ಲಿದೆ. ಹಾರ್ಡ್‌ವಿಕ್‌ನಲ್ಲಿ ಅದಕ್ಕೆ ಮೆಟ್ಟಿಲು ಹತ್ತಬೇಕು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಇಷ್ಟು ಗಾಜಿದ್ದರೆ ಚಳಿಗಾಲದಲ್ಲಿ ಒಳಗಿರುವುದು ಕಷ್ಟವಾಗುತ್ತಿರಲಿಲ್ಲವೇ?

ಉತ್ತರ 1ರ ಬರಹಗಾರರು
ಖಂಡಿತ ಆಗುತ್ತಿತ್ತು. 1601ರಲ್ಲಿ ಸಿದ್ಧಪಡಿಸಿದ ಮನೆಯ ವಸ್ತುಪಟ್ಟಿ ಉಳಿದುಬಂದಿದೆ. ಅದರಲ್ಲಿ ಬೆಸ್‌ಳ ಮಲಗುವ ಕೋಣೆಯ ಕಿಟಕಿ, ಬಾಗಿಲುಗಳಿಗೆ ಅಡ್ಡ ತೂಗುಹಾಕುತ್ತಿದ್ದ ದಪ್ಪ ಹೊದಿಕೆಗಳೂ ಸೇರಿವೆ. ಮೇಲಂತಸ್ತಿನ ಗೋಡೆಗಳ ತುಂಬ ಇಳಿಬಿಟ್ಟ ಚಿತ್ರನೇಯ್ಗೆಯ ಬಟ್ಟೆಗಳೂ ಅಲಂಕಾರದ ಜೊತೆಗೆ ಚಳಿಯನ್ನು ತಡೆಯುತ್ತಿದ್ದವು. 1959ರಿಂದ ಮನೆ, ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿನ ವಶದಲ್ಲಿದೆ. ಈಗ ಅವರ ತಲೆನೋವು ಚಳಿಗಿಂತ ಬೆಳಕಿನದು. ಬಿಸಿಲಿಗೆ ಹಳೆಯ ನೇಯ್ಗೆಯ ಬಣ್ಣ ಮಾಸುತ್ತದೆಂದು ಕೋಣೆಗಳಲ್ಲಿ ಪರದೆ ಇಳಿಸಿ, ಬೆಳಕನ್ನು ಮಿತಿಯಲ್ಲಿಡುತ್ತಾರೆ.