ಹತ್ತು ದಿನ ಹಿಂದಕ್ಕೆ ರಿಸ್ಟೋರ್ ಮಾಡಿದರೆ ನನ್ನ ಫೈಲುಗಳು ಹೋಗುತ್ತವಾ?

ಪ್ರಶ್ನೆ (ಪ್ರೌಢಶಾಲೆ ಶಿಕ್ಷಕಿ):
ನಮಸ್ಕಾರ. ನನ್ನದು ವಿಂಡೋಸ್ 10 ಲ್ಯಾಪ್‌ಟಾಪ್. ಮೂರು ದಿನದ ಹಿಂದೆ ಹೊಸ ಪ್ರಿಂಟರಿನ ಡ್ರೈವರ್ (ಪ್ರಿಂಟರನ್ನು ಲ್ಯಾಪ್‌ಟಾಪಿಗೆ ಹೊಂದಿಸುವ ಸಾಫ್ಟ್‌ವೇರ್) ಹಾಕಿದೆ. ಅವತ್ತಿನಿಂದ ಪದೇ ಪದೇ ನೀಲಿ ಪರದೆ ಬಂದು ಆಫ್ ಆಗುತ್ತಿದೆ. ಪರಿಚಯದವರೊಬ್ಬರು ನೋಡಿ, ‘ಹತ್ತು ದಿನದ ಹಿಂದಿನ ರಿಸ್ಟೋರ್ ಪಾಯಿಂಟ್, ಅಂದರೆ ವಿಂಡೋಸ್ ಆ ದಿನ ಹೇಗಿತ್ತೆಂದು ಉಳಿಸಿಟ್ಟ ಗುರುತು, ಇದೆ, ಅಲ್ಲಿಗೆ ಹೋಗಿ, ಸರಿಹೋಗುತ್ತದೆ’ ಎಂದರು. ನನ್ನ ಭಯ ಏನೆಂದರೆ, ಈ ಹತ್ತು ದಿನದಲ್ಲೇ ಎಂಟು, ಒಂಬತ್ತು, ಹತ್ತನೇ ತರಗತಿಯ ಪ್ರಶ್ನೆಪತ್ರಿಕೆಗಳನ್ನು ಟೈಪ್ ಮಾಡಿದ್ದೇನೆ. ಅದಕ್ಕೆಂದೇ ಕಳೆದ ವಾರ ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್ ಹಾಕಿಸಿಕೊಂಡೆ. ಮಗಳ ಹುಟ್ಟುಹಬ್ಬದ ಫೋಟೋಗಳನ್ನೂ ಲ್ಯಾಪ್‌ಟಾಪಿಗೆ ಹಾಕಿ ಮೊಬೈಲಿನಿಂದ ಅಳಿಸಿಬಿಟ್ಟಿದ್ದೇನೆ. ಹತ್ತು ದಿನ ಹಿಂದಕ್ಕೆ ಹೋದರೆ ಇವೆಲ್ಲ ಇಲ್ಲದ ಹಾಗೆ ಆಗುತ್ತವಾ?

ಉತ್ತರ (ಕಂಪ್ಯೂಟರ್ ರಿಪೇರಿ ಮಾಡುವವರು):
ಮೇಡಂ, ಮೊದಲು ಧೈರ್ಯ ತಂದುಕೊಳ್ಳಿ. ಫೋಟೋಗಳೂ ಇರುತ್ತವೆ, ಪ್ರಶ್ನೆಪತ್ರಿಕೆಗಳೂ ಇರುತ್ತವೆ. ಸಿಸ್ಟಮ್ ರಿಸ್ಟೋರ್ ಹಿಂದಕ್ಕೆ ಒಯ್ಯುವುದು ವಿಂಡೋಸಿನ ಫೈಲು, ಡ್ರೈವರು, ಪ್ರೋಗ್ರಾಂ ಮತ್ತು ರಿಜಿಸ್ಟ್ರಿಯನ್ನು (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ಜಾಗ) ಮಾತ್ರ. ಮನೆಯ ವೈರಿಂಗ್ ಬಿಚ್ಚಿ ಹಳೆಯ ಹಾಗೆ ಕಟ್ಟಿದಂತೆ. ಬೀರುವಿನೊಳಗಿನ ಸೀರೆಗೆ ಯಾರೂ ಕೈ ಹಾಕುವುದಿಲ್ಲ. ಪ್ರಿಂಟರ್ ಡ್ರೈವರಿನಿಂದ ಶುರುವಾದ ತೊಂದರೆಗೆ ಇದು ಸರಿಯಾದ ಮದ್ದೇ.

ಆದರೆ ನಿಮ್ಮ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ನುಡಿ ಹಾಕಿದ್ದು ಕಳೆದ ವಾರ, ಪಾಯಿಂಟ್ ಇರುವುದು ಹತ್ತು ದಿನದ ಹಿಂದಿನದು. ಹಾಗಾಗಿ ನುಡಿ ಹೋಗುತ್ತದೆ. ಅದರ ಫಾಂಟುಗಳ ನೋಂದಣಿ ರಿಜಿಸ್ಟ್ರಿಯಲ್ಲಿ ಇರುವುದರಿಂದ ಅವೂ ಕೆಲಸ ಮಾಡುವುದಿಲ್ಲ. ಆಮೇಲೆ ನೀವು ಪ್ರಶ್ನೆಪತ್ರಿಕೆ ತೆರೆದಾಗ ಕನ್ನಡವೇ ಕಾಣಿಸದೆ ಹೋಗಬಹುದು. ‘ಕನ್ನಡ’ ಎಂದು ಟೈಪ್ ಮಾಡಿದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ಹೀಗೆ ಏನೇನೋ ಇರುತ್ತದೆ. ಅದನ್ನು ನೋಡಿ ಫೈಲೇ ಕೆಟ್ಟಿತು ಎಂದು ಅಳುವ ಸ್ಥಿತಿಗೆ ಬಂದವರನ್ನು ನನ್ನ ಅಂಗಡಿಯಲ್ಲೇ ನೋಡಿದ್ದೇನೆ. ಒಬ್ಬರಂತೂ ನಲವತ್ತು ಪುಟದ ಸ್ಮರಣ ಸಂಚಿಕೆಯನ್ನು ಅಳಿಸಿ ಮತ್ತೆ ಟೈಪ್ ಮಾಡಲು ಕೂತಿದ್ದರು. ಫೈಲ್ ಕೆಟ್ಟಿರುವುದಿಲ್ಲ. ನುಡಿಯ ಹಳೆಯ ಫಾಂಟುಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಪದ್ಧತಿ) ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದಿದ್ದರೆ ಒಳಗಿನ ಇಂಗ್ಲಿಷ್ ಹೊರಗೆ ಕಾಣುತ್ತದೆ, ಅಷ್ಟೇ. ನುಡಿ ಮತ್ತೆ ಹಾಕಿದರೆ ಅಕ್ಷರಗಳು ಇದ್ದ ಹಾಗೇ ಬರುತ್ತವೆ. ಯೂನಿಕೋಡಿನಲ್ಲಿ ಟೈಪ್ ಮಾಡಿದ್ದರೆ ಈ ತಾಪತ್ರಯವೇ ಇಲ್ಲ.

ಶುರು ಮಾಡುವ ಮುಂಚೆ ಫೋಟೋ ಮತ್ತು ಪ್ರಶ್ನೆಪತ್ರಿಕೆಗಳ ಫೋಲ್ಡರ್‌ಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ರಿಸ್ಟೋರ್ ಅವನ್ನು ಮುಟ್ಟುವುದಿಲ್ಲ ನಿಜ. ಆದರೆ ಪದೇ ಪದೇ ಆಫ್ ಆಗುವ ಲ್ಯಾಪ್‌ಟಾಪನ್ನು ನಂಬಿಕೊಂಡು, ಮೊಬೈಲಿನಿಂದಲೂ ಅಳಿಸಿದ ಫೋಟೋಗಳನ್ನು ಒಂದೇ ಕಡೆ ಇಡುವುದು ಬೇಡ. ಪೆನ್‌ಡ್ರೈವಿನಲ್ಲಿ ಒಂದೆರಡು ಫೋಟೋ ತೆರೆದು ನೋಡಿ. ಪ್ರಶ್ನೆಪತ್ರಿಕೆಗಳದ್ದು ಒಂದೊಂದು ಪಿಡಿಎಫ್ ಕೂಡ ಮಾಡಿಟ್ಟುಕೊಳ್ಳಿ.

ಆಮೇಲೆ ಸ್ಟಾರ್ಟ್‌ನಲ್ಲಿ ‘ಆರ್ ಎಸ್ ಟಿ ಆರ್ ಯು ಐ’ ಎಂದು ಇಂಗ್ಲಿಷಿನಲ್ಲಿ ಒಟ್ಟಿಗೆ ಟೈಪ್ ಮಾಡಿ ಎಂಟರ್ ಒತ್ತಿ. ರಿಸ್ಟೋರ್ ಕಿಟಕಿ ತೆರೆಯುತ್ತದೆ. ಅಲ್ಲಿ ಪಾಯಿಂಟುಗಳ ಪಟ್ಟಿ ಪೂರ್ತಿ ನೋಡಿ. ವಿಂಡೋಸ್ ಅಪ್‌ಡೇಟ್ ಆಗುವಾಗ, ಡ್ರೈವರ್ ಹಾಕುವಾಗ ಸುಮಾರು ಸಲ ತಾನೇ ಒಂದು ಪಾಯಿಂಟ್ ಮಾಡಿಕೊಂಡಿರುತ್ತದೆ. ಡ್ರೈವರ್ ಹಾಕಿದ ದಿನ, ಹಾಕುವ ಮುಂಚೆ ಆದ ಪಾಯಿಂಟೇ ಇದ್ದರೆ ಹತ್ತು ದಿನ ಹಿಂದಕ್ಕೆ ಯಾಕೆ ಹೋಗಬೇಕು? ನುಡಿಯೂ ಉಳಿಯುತ್ತದೆ. ಪಾಯಿಂಟ್ ಆರಿಸಿದ ಮೇಲೆ ‘ಸ್ಕ್ಯಾನ್ ಫಾರ್ ಅಫೆಕ್ಟೆಡ್ ಪ್ರೋಗ್ರಾಮ್ಸ್’ ಎಂಬ ಬಟನ್ ಇರುತ್ತದೆ. ಅದನ್ನು ಒತ್ತಿ. ಯಾವ ಪ್ರೋಗ್ರಾಂ ಹೋಗುತ್ತದೆ, ನೀವು ತೆಗೆದು ಹಾಕಿದ್ದು ಯಾವುದು ವಾಪಸ್ ಬರುತ್ತದೆ, ಎರಡೂ ತೋರಿಸುತ್ತದೆ. ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ಈ ಮಧ್ಯೆ ಲಾಗಿನ್ ಪಾಸ್‌ವರ್ಡ್ ಬದಲಾಯಿಸಿದ್ದರೆ ಹಳೆಯದನ್ನೂ ನೆನಪಿಟ್ಟುಕೊಂಡಿರಿ. ಚಾರ್ಜರ್ ಹಾಕಿಯೇ ಇರಲಿ. ಅರ್ಧ ಗಂಟೆ, ಹಳೆಯ ಹಾರ್ಡ್ ಡಿಸ್ಕ್ ಆದರೆ ಇನ್ನೂ ಜಾಸ್ತಿ ಹಿಡಿಯಬಹುದು. ನಿಂತೇ ಹೋಯಿತು ಅನ್ನಿಸಿದರೂ ಪವರ್ ಬಟನ್ ಒತ್ತಬೇಡಿ. ದಯವಿಟ್ಟು.

ಪ್ರಶ್ನೆ (ಹಾರ್ಡ್‌ವೇರ್ ಅಂಗಡಿ ನಡೆಸುವವರು):
ಸರ್, ನಮ್ಮ ಅಂಗಡಿಯ ಕಂಪ್ಯೂಟರ್ ತುಂಬ ನಿಧಾನ. ಸೆಟ್ಟಿಂಗ್ಸ್‌ನಲ್ಲಿ ‘ರೀಸೆಟ್ ದಿಸ್ ಪಿಸಿ’ ಎಂದಿದೆ. ‘ಕೀಪ್ ಮೈ ಫೈಲ್ಸ್’ ಅಂತಲೂ ಇದೆ. ಇದೂ ಅದೇ ಅಲ್ವಾ? ಟ್ಯಾಲಿ ಲೆಕ್ಕ ಎಲ್ಲ ಇದರಲ್ಲೇ ಇದೆ.

ಉತ್ತರ:
ಅಲ್ಲ ಸರ್, ಕೈ ತಡೆಯಿರಿ. ಹೆಸರು ಹತ್ತಿರ ಹತ್ತಿರ ಇದ್ದರೂ ರಿಸ್ಟೋರ್ ಬೇರೆ, ರೀಸೆಟ್ ಬೇರೆ. ರೀಸೆಟ್ ಎಂದರೆ ವಿಂಡೋಸನ್ನೇ ಹೊಸದಾಗಿ ಹಾಕಿದಂತೆ. ‘ಕೀಪ್ ಮೈ ಫೈಲ್ಸ್’ ಆರಿಸಿದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಲ್ಲಿರುವ ಫೈಲುಗಳು ಉಳಿಯುತ್ತವೆ. ನೀವು ಹಾಕಿಸಿದ ಪ್ರೋಗ್ರಾಂಗಳು ಹೋಗುತ್ತವೆ, ಟ್ಯಾಲಿಯೂ ಹೋಗುತ್ತದೆ. ಹೋದವುಗಳ ಹೆಸರಿನ ಪಟ್ಟಿಯೊಂದನ್ನು ಡೆಸ್ಕ್‌ಟಾಪಿನ ಮೇಲೆ ಬಿಡುತ್ತದೆ, ಅಷ್ಟೇ.

ನಿಮ್ಮ ಲೆಕ್ಕದ ಡೇಟಾ ಡಾಕ್ಯುಮೆಂಟ್ಸ್‌ನಲ್ಲಿ ಇಲ್ಲದೇ ಇರುವ ಸಾಧ್ಯತೆಯೇ ಜಾಸ್ತಿ. ಟ್ಯಾಲಿಯಲ್ಲಿ ಕಂಪನಿ ಆರಿಸುವ ಪರದೆಯಲ್ಲಿ ಡೇಟಾ ಇರುವ ದಾರಿ ಬರೆದಿರುತ್ತದೆ, ಓದಿ ನೋಡಿ. ಅಲ್ಲಿಗೆ ಹೋದರೆ 10000 ಅನ್ನುವ ರೀತಿಯ ಬರೀ ಅಂಕಿಯ ಫೋಲ್ಡರ್ ಸಿಗುತ್ತದೆ. ನಿಮ್ಮ ವರ್ಷಗಳ ಖರೀದಿ, ಮಾರಾಟ, ಜಿಎಸ್‌ಟಿ ಎಲ್ಲ ಅದರೊಳಗೇ ಇದೆ. ಅದು ಪ್ರೋಗ್ರಾಂ ಫೈಲ್ಸ್ ಒಳಗೆ ಇದ್ದು ನೀವು ರೀಸೆಟ್ ಮಾಡಿದರೆ ಉಳಿಯುವುದಿಲ್ಲ. ಟ್ಯಾಲಿ ಪ್ರೈಮ್ ಆದರೆ ಆಲ್ಟ್ ಜೊತೆ ವೈ ಒತ್ತಿ, ಬ್ಯಾಕಪ್ ತೆಗೆದು ಹೊರಗಿನ ಡ್ರೈವಿಗೆ ಹಾಕಿ. ಆ ಅಂಕಿಯ ಫೋಲ್ಡರನ್ನೂ ಇಡಿಯಾಗಿ ಕಾಪಿ ಮಾಡಿ. ಆಮೇಲೆ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ.

ಲ್ಯಾಪ್‌ಟಾಪ್ ಕಂಪನಿಯವರು ಕೊಡುವ ಫ್ಯಾಕ್ಟರಿ ರಿಕವರಿ, ರೀಸೆಟ್‌ನಲ್ಲೇ ಇರುವ ‘ರಿಮೂವ್ ಎವೆರಿಥಿಂಗ್’, ಸಿಸ್ಟಮ್ ಇಮೇಜ್ (ಇಡೀ ಡ್ರೈವಿನ ನಕಲು) ವಾಪಸ್ ಹಾಕುವುದು, ಇವು ಇನ್ನೂ ಕಠಿಣ. ಇವು ಆ ಡ್ರೈವಿನಲ್ಲಿ ಇದ್ದದ್ದನ್ನು ಅಳಿಸಿಯೇ ಕೆಲಸ ಮಾಡುತ್ತವೆ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಗ್ರಾಹಕರೊಬ್ಬರು ‘ಮೊದಲಿನ ಹಾಗೆ ಮಾಡಿಕೊಡಿ’ ಎಂದರು. ನಾನು ಫ್ಯಾಕ್ಟರಿ ರಿಕವರಿ ಓಡಿಸಿದೆ. ಅವರು ಕೇಳಿದ್ದು ಮೊನ್ನೆ ಮೊನ್ನೆ ಇದ್ದ ಹಾಗೆ ಎಂದು, ನಾನು ಮಾಡಿದ್ದು ಅಂಗಡಿಯಿಂದ ತಂದ ದಿನದ ಹಾಗೆ. ಅವರ ತಂದೆಯ ಕೊನೆಯ ಫೋಟೋಗಳು ಅದರಲ್ಲಿದ್ದವು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. ಅದಕ್ಕೇ ಈಗ ಯಾರೇ ಬಂದರೂ ‘ಯಾವ ದಿನದ ಹಾಗೆ ಬೇಕು?’ ಎಂದು ಕೇಳಿಯೇ ಕೆಲಸಕ್ಕೆ ಕೈ ಹಾಕುತ್ತೇನೆ.

ಪ್ರಶ್ನೆ (ಪದವಿ ವಿದ್ಯಾರ್ಥಿ):
ನಾನು ನಿನ್ನೆ ಪ್ರಾಜೆಕ್ಟ್ ಫೋಲ್ಡರ್ ಡಿಲೀಟ್ ಮಾಡಿಬಿಟ್ಟೆ. ಮೊನ್ನೆಗೆ ರಿಸ್ಟೋರ್ ಮಾಡಿದರೆ ವಾಪಸ್ ಬರುತ್ತದಾ?

ಉತ್ತರ:
ಬರುವುದಿಲ್ಲ. ನಿಮ್ಮ ಫೈಲನ್ನು ಅದು ಮುಟ್ಟುವುದಿಲ್ಲ ಎಂದರೆ ಅಳಿಸುವುದೂ ಇಲ್ಲ, ತಂದುಕೊಡುವುದೂ ಇಲ್ಲ. ಮೊದಲು ರೀಸೈಕಲ್ ಬಿನ್ ನೋಡಿ. ಒನ್‌ಡ್ರೈವ್ ಆನ್ ಇದ್ದರೆ ಅದರ ವೆಬ್‌ಸೈಟಿನಲ್ಲೂ ಬೇರೆ ರೀಸೈಕಲ್ ಬಿನ್ ಇದೆ. ಆಮೇಲೆ ಆ ಫೋಲ್ಡರ್ ಇದ್ದ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ‘ಪ್ರೀವಿಯಸ್ ವರ್ಷನ್ಸ್’ ನೋಡಿ. ಎಲ್ಲೂ ಸಿಗದಿದ್ದರೆ ಆ ಲ್ಯಾಪ್‌ಟಾಪ್ ಬಳಸುವುದನ್ನು ನಿಲ್ಲಿಸಿ. ರಿಕವರಿ ಸಾಫ್ಟ್‌ವೇರನ್ನು ಅದೇ ಡ್ರೈವಿಗೆ ಹಾಕಬೇಡಿ, ಅಳಿಸಿದ ಫೈಲಿನ ಮೇಲೇ ಅದು ಹೋಗಿ ಕೂರಬಹುದು. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇದ್ದರೆ ವಾಪಸ್ ಸಿಗುವುದು ಕಷ್ಟ, ಈಗಲೇ ಹೇಳಿಬಿಡುತ್ತೇನೆ.

ಪ್ರಶ್ನೆ (ಇನ್ನೊಬ್ಬರು):
ಮ್ಯಾಕ್‌ನಲ್ಲೂ ಹೀಗೇನಾ?

ಉತ್ತರ:
ಇಲ್ಲಿ ಎಚ್ಚರ ಬೇಕು. ಮ್ಯಾಕ್‌ನ ರಿಕವರಿಯಿಂದ ಟೈಮ್ ಮಷೀನ್ (ಮ್ಯಾಕ್‌ನ ಬ್ಯಾಕಪ್ ವ್ಯವಸ್ಥೆ) ಸ್ನ್ಯಾಪ್‌ಶಾಟಿಗೆ, ಅಂದರೆ ಅದು ಉಳಿಸಿಟ್ಟ ಒಂದು ಹೊತ್ತಿನ ಸ್ಥಿತಿಗೆ, ಹಿಂದಿರುಗಿದರೆ ನಿಮ್ಮ ಡಾಕ್ಯುಮೆಂಟುಗಳೂ ಅದರ ಜೊತೆ ಹಿಂದಕ್ಕೆ ಹೋಗುತ್ತವೆ. ಬೆಳಿಗ್ಗೆಯ ಸ್ನ್ಯಾಪ್‌ಶಾಟ್ ಆದರೆ ಮಧ್ಯಾಹ್ನ ಬರೆದದ್ದು ಇರುವುದಿಲ್ಲ. ಲಿನಕ್ಸ್ ಮಿಂಟ್‌ನ ಟೈಮ್‌ಶಿಫ್ಟ್ ಮಾತ್ರ ವಿಂಡೋಸ್ ಹಾಗೆ, ನೀವು ಸೇರಿಸದ ಹೊರತು ಹೋಮ್ ಫೋಲ್ಡರ್‌ನ ಫೈಲುಗಳಿಗೆ ಕೈ ಹಾಕುವುದಿಲ್ಲ.

ಶಿಕ್ಷಕಿ, ಮರುದಿನ:
ಸರ್, ರಿಸ್ಟೋರ್ ಆಯಿತು. ಡ್ರೈವರ್ ಹಾಕಿದ ದಿನದ ಪಾಯಿಂಟ್ ಸಿಗಲಿಲ್ಲ, ಹತ್ತು ದಿನಕ್ಕೇ ಹೋದೆ. ನಿನ್ನೆ ಸಂಜೆಯಿಂದ ನೀಲಿ ಪರದೆ ಬಂದಿಲ್ಲ. ಫೋಟೋ ಎಲ್ಲ ಇವೆ. ಪ್ರಶ್ನೆಪತ್ರಿಕೆ ತೆರೆದರೆ ನೀವು ಹೇಳಿದ ಹಾಗೇ ಪೌಂಡಿನ ಗುರುತು! ನುಡಿ ಹಾಕಿದ ಮೇಲೆ ಸರಿಹೋಯಿತು. ಆದರೆ ಡೆಸ್ಕ್‌ಟಾಪಿನಲ್ಲಿ ಸಹೋದ್ಯೋಗಿ ಕೊಟ್ಟ ಅಂಕಪಟ್ಟಿ ಲೆಕ್ಕ ಹಾಕುವ ಪುಟ್ಟ ಸಾಫ್ಟ್‌ವೇರ್ ಇತ್ತು, ಮೊನ್ನೆಯಷ್ಟೇ ಹಾಕಿಕೊಂಡಿದ್ದು. ಅದು ಕಾಣುತ್ತಿಲ್ಲ.

ಉತ್ತರ:
ಅದು ಇಎಕ್ಸ್‌ಇ ಅಥವಾ ಬ್ಯಾಚ್ ಫೈಲ್ (ಕ್ಲಿಕ್ ಮಾಡಿದರೆ ತಾನೇ ಓಡುವ ಫೈಲ್) ಆಗಿರಬೇಕು. ಅಂಥದ್ದನ್ನು ವಿಂಡೋಸ್ ನಿಮ್ಮ ಸ್ವಂತ ಫೈಲ್ ಎಂದು ಎಣಿಸುವುದಿಲ್ಲ, ಪ್ರೋಗ್ರಾಂ ಎಂದೇ ನೋಡುತ್ತದೆ. ಡೆಸ್ಕ್‌ಟಾಪಿನ ಮೇಲೆ ಇದ್ದರೂ ಅಷ್ಟೇ. ನಿನ್ನೆಯೇ ಇದನ್ನು ಹೇಳಬೇಕಿತ್ತು, ಕ್ಷಮಿಸಿ. ಅದಕ್ಕಾಗಿ ‘ಅನ್‌ಡೂ ಸಿಸ್ಟಮ್ ರಿಸ್ಟೋರ್’ ಒತ್ತಬೇಡಿ, ಕೆಟ್ಟ ಡ್ರೈವರೂ ವಾಪಸ್ ಬರುತ್ತದೆ. ಸಹೋದ್ಯೋಗಿಯಿಂದ ಇನ್ನೊಂದು ಸಲ ತರಿಸಿಕೊಳ್ಳಿ. ನೀವು ತುಂಬಿದ ಅಂಕಗಳನ್ನು ಅದು ಎಕ್ಸೆಲ್ ಫೈಲಿನಲ್ಲಿ ಉಳಿಸುತ್ತಿದ್ದರೆ ಆ ಫೈಲ್ ಇನ್ನೂ ಇರುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡರಲ್ಲೂ ಹುಡುಕಿ, ಸಿಕ್ಕಿತಾ ಎಂದು ಇಲ್ಲೇ ತಿಳಿಸಿ.