ಚಿಕಾಗೋದಲ್ಲಿ ಒಂದೇ ಭಾನುವಾರ: ಹ್ಯಾನ್‌ಕಾಕ್ ಹತ್ತಲೋ, ಸಿಯರ್ಸ್ ಹತ್ತಲೋ?

ಗೌಂಡಿಮಗ:

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಆಫೀಸ್ ಕೆಲಸಕ್ಕೆ ಒಂದು ವಾರ ಚಿಕಾಗೋಗೆ ಹೋಗುತ್ತಿದ್ದೇನೆ. ಬಿಡುವು ಸಿಗುವುದು ಒಂದು ಭಾನುವಾರ ಮಾತ್ರ. ಒಂದೇ ಟವರ್ ಹತ್ತಬಹುದು ಅಂದರೆ ಯಾವುದು ಹತ್ತಲಿ?

ಸುಮ್ನೆ ಕೇಳುತ್ತಿಲ್ಲ, ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ನಾನು ವಿಜಯಪುರದವನು. ಅಪ್ಪ ಗೌಂಡಿ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದರು. ಜೊತೆಗಿದ್ದವರೆಲ್ಲ ಕೂಗಿ ನೋಡೋಕೆ ಮೇಲಿನ ಗ್ಯಾಲರಿಗೆ ಓಡಿದರು. ಅಪ್ಪ ನನ್ನನ್ನು ಕೆಳಗೇ ನಿಲ್ಲಿಸಿಕೊಂಡು, "ಇದರೊಳಗ ಕಂಬ ಎಲ್ಲೈತಿ, ಹುಡುಕು" ಅಂದರು. ಇಡೀ ಹಾಲ್ ಸುತ್ತಿದೆ. ಒಂದೂ ಇಲ್ಲ. ಆಮೇಲೆ ಬಾಗಿಲ ಹತ್ತಿರ ಕರೆದು, ಗೋಡೆ ಎಷ್ಟು ದಪ್ಪ ಇದೆ ಕೈ ಚಾಚಿ ಅಳೆ ಅಂದರು. ಎರಡೂ ಕೈ ಚಾಚಿದರೂ ಅರ್ಧದಷ್ಟೂ ಆಗಲಿಲ್ಲ. 3 ಮೀಟರ್ ದಪ್ಪದ ಗೋಡೆ ಅದು. ಮೇಲಿರುವುದು 44 ಮೀಟರ್ ಅಗಲದ ಗುಮ್ಮಟ. ಕಮಾನುಗಳು ಒಂದನ್ನೊಂದು ಅಡ್ಡ ಹಾಯ್ದು ಆ ಭಾರವನ್ನೆಲ್ಲ ತಂದು ಈ ಗೋಡೆಗೆ ಇಳಿಸುತ್ತವೆ. "ಭಾರ ಎಲ್ಲಿ ಇಳಿತೈತಿ ಅನ್ನೂದು ಮೊದಲ ನೋಡು, ಎತ್ತರ ಆಮ್ಯಾಲ" ಅಂದರು ಅಪ್ಪ.

ಅವತ್ತಿನಿಂದ ಯಾವ ಎತ್ತರದ ಕಟ್ಟಡ ಕಂಡರೂ ನನ್ನ ಕಣ್ಣು ಮೊದಲು ಬುಡಕ್ಕೆ ಹೋಗುತ್ತದೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ಎಂ.ಜಿ. ರಸ್ತೆಯ ಪಬ್ಲಿಕ್ ಯುಟಿಲಿಟಿ ಬಿಲ್ಡಿಂಗ್ ಎದುರು ಅರ್ಧ ಗಂಟೆ ನಿಂತಿದ್ದೆ.

ಚಿಕಾಗೋದಲ್ಲಿ ನನ್ನನ್ನು ಎಳೆಯುತ್ತಿರುವುದು ಫಜ್ಲುರ್ ಖಾನ್. 1929ರಲ್ಲಿ ಢಾಕಾದಲ್ಲಿ ಹುಟ್ಟಿದ ಇಂಜಿನಿಯರ್. 1969ರ ಹ್ಯಾನ್‌ಕಾಕ್ (ಈಗಿನ ಹೆಸರು 875 ನಾರ್ತ್ ಮಿಷಿಗನ್ ಅವೆನ್ಯೂ), 100 ಅಂತಸ್ತು, ಅವರದ್ದು. 110 ಅಂತಸ್ತಿನ ಸಿಯರ್ಸ್ (ಈಗಿನ ಹೆಸರು ವಿಲ್ಲಿಸ್ ಟವರ್) ಕೂಡ ಅವರದ್ದೇ. ನನಗೆ ಮೇಲಿಂದ ಊರು ನೋಡುವ ಆಸೆ ಅಷ್ಟಿಲ್ಲ. ಕಟ್ಟಡ ಹೇಗೆ ನಿಂತಿದೆ ಅನ್ನೋದು ಕಣ್ಣಿಗೆ ಕಾಣಬೇಕು. ಎಲ್ಲಿ ಜಾಸ್ತಿ ಕಾಣುತ್ತದೆ?

ಸರೋವರದ ದಂಡೆ:

ಹ್ಯಾನ್‌ಕಾಕ್. ಇದರಲ್ಲಿ ಎರಡು ಮಾತಿಲ್ಲ. ನಾನು ಇಲ್ಲಿಗೆ ಬಂದು 12 ವರ್ಷವಾಯಿತು. ನೀವು ಬಯಸುವುದು ಅದರ ಮೈಮೇಲೇ ಬರೆದ ಹಾಗಿದೆ. ಹೊರಗಡೆ ದೊಡ್ಡ ದೊಡ್ಡ ಅಡ್ಡಪಟ್ಟಿಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಹಾಯ್ದಿವೆ. ಗಾಳಿ ತಳ್ಳಿದಾಗ ತಡೆಯುವುದು ಅವೇ.

ಅಲ್ಲಿ 44ನೇ ಅಂತಸ್ತಿನಿಂದ ಮೇಲೆ ಜನ ಮನೆ ಮಾಡಿಕೊಂಡಿದ್ದಾರೆ. ನನ್ನ ಗೆಳತಿಯೊಬ್ಬಳು ಕೆಲವು ವರ್ಷ ಅಲ್ಲಿದ್ದಳು. ಅವಳ ಹಾಲ್‌ನ ಕಿಟಕಿಗೆ ಅಡ್ಡಲಾಗಿ ಆ ಪಟ್ಟಿ ಓರೆಯಾಗಿ ಹೋಗಿತ್ತು. ಅದರ ಪಕ್ಕದಲ್ಲೇ ತುಳಸಿ ಕುಂಡ ಇಟ್ಟಿದ್ದಳು. ಜೋರು ಗಾಳಿಯ ಒಂದು ದಿನ ಅವಳ ಬಾತ್‌ರೂಮಿನ ಕಮೋಡಿನಲ್ಲಿ ನೀರು ಅತ್ತಿತ್ತ ತುಳುಕುವುದನ್ನು ನಾನೇ ನೋಡಿದ್ದೇನೆ. ಟಿಕೆಟ್ ತೆಗೆದುಕೊಂಡು ಹತ್ತುವುದು 94ನೇ ಅಂತಸ್ತಿಗೆ.

ಆದರೆ ಹತ್ತುವ ಮೊದಲು ಮೊನಾಡ್ನಾಕ್ ನೋಡಿ. ಜ್ಯಾಕ್ಸನ್ ಮತ್ತು ಡಿಯರ್‌ಬಾರ್ನ್ ರಸ್ತೆ ಕೂಡುವಲ್ಲಿದೆ. ಉತ್ತರದ ಅರ್ಧ 1891ರದ್ದು. 16 ಅಂತಸ್ತನ್ನು ಇಟ್ಟಿಗೆ ಗೋಡೆಯೇ ಹೊತ್ತಿದೆ, ಬುಡದಲ್ಲಿ ಸುಮಾರು 1.8 ಮೀಟರ್ ದಪ್ಪ. ದಕ್ಷಿಣದ ಅರ್ಧ 1893ರದ್ದು, ಅದು ಉಕ್ಕಿನ ಚೌಕಟ್ಟು. ಎದುರಿನ ಫುಟ್‌ಪಾತ್‌ನಲ್ಲಿ ನಿಂತರೆ ಎರಡೂ ಒಟ್ಟಿಗೆ ಕಾಣುತ್ತವೆ. ನಿಮ್ಮ ಅಪ್ಪನವರಿಗೆ ತೋರಿಸಬೇಕಾದ ಕಟ್ಟಡ ಅದು.

ಹುಬ್ಬಳ್ಳಿ ಸ್ಟ್ರಕ್ಚರಲ್:

ಮೇಡಂ ಹೇಳಿದ್ದು ಸರಿ. ಆದರೂ ಸಿಯರ್ಸ್ ಬಿಡಬೇಡಿ ಸರ್. ಹತ್ತೋದು ಬೇಡ, ಹೊರಗೆ ನಿಂತು ನೋಡಿದರೆ ಸಾಕು.

ಇಷ್ಟು ಎತ್ತರ ಹೋದ ಮೇಲೆ ಸ್ವಂತ ಭಾರಕ್ಕಿಂತ ಗಾಳಿಯದ್ದೇ ದೊಡ್ಡ ತಲೆನೋವು. ಖಾನ್ ಅದಕ್ಕೆ ಇಡೀ ಕಟ್ಟಡವನ್ನೇ ಒಂದು ಕೊಳವೆಯ ಹಾಗೆ ನಿಲ್ಲಿಸಿದರು. ಹೊರಗಿನ ಕಂಬಗಳನ್ನು ಹತ್ತಿರ ಹತ್ತಿರ ಇಟ್ಟು, ಗಾಳಿಯನ್ನು ಹೊರಮೈಯೇ ತಡೆದುಕೊಳ್ಳುವಂತೆ ಮಾಡಿದರು. ಸಿಯರ್ಸ್‌ನಲ್ಲಿ ಅಂಥವು 9 ಕೊಳವೆ, ಒಂದೊಂದೂ 23 ಮೀಟರ್ ಚೌಕ. ಜೋಳದ ದಂಟು ಒಂದೇ ಇದ್ದರೆ ಬಾಗುತ್ತದೆ, ಸೂಡು ಕಟ್ಟಿ ನಿಲ್ಲಿಸಿದರೆ ನಿಲ್ಲುತ್ತದೆ, ಅಲ್ವಾ? ಹಾಗೆ. 50ನೇ ಅಂತಸ್ತಿಗೆ ಎರಡು ಕೊಳವೆ ನಿಲ್ಲುತ್ತವೆ, 66ಕ್ಕೆ ಇನ್ನೆರಡು, 90ಕ್ಕೆ ಮೂರು. ತುದಿಯವರೆಗೆ ಹೋಗುವುದು ಎರಡೇ. ಈ ಲೆಕ್ಕ ಇಟ್ಟುಕೊಂಡು ಕೆಳಗಿಂದ ನೋಡುತ್ತಾ ಹೋಗಿ, ಒಂದೊಂದೂ ನಿಲ್ಲುವುದು ಕಾಣುತ್ತದೆ.

ಹ್ಯಾನ್‌ಕಾಕ್‌ಗೆ ಚದರಡಿಗೆ ಬಿದ್ದ ಉಕ್ಕು 1931ರ ಎಂಪೈರ್ ಸ್ಟೇಟ್‌ಗಿಂತ ಕಡಿಮೆ. ನಾನು ಕಾಲೇಜಿನಲ್ಲಿ ಇದನ್ನು ಓದಿದ ರಾತ್ರಿ ನಿದ್ದೆ ಬಂದಿರಲಿಲ್ಲ.

ಮೊನಾಡ್ನಾಕ್‌ನಿಂದ ಸಿಯರ್ಸ್‌ಗೆ ಜ್ಯಾಕ್ಸನ್ ರಸ್ತೆಯಲ್ಲೇ ನೇರ ನಡೆಯಿರಿ. ಫ್ರಾಂಕ್ಲಿನ್ ರಸ್ತೆ ಕೂಡುವ ಮೂಲೆಗೆ ಖಾನ್ ಅವರ ಹೆಸರಿಟ್ಟಿದ್ದಾರೆ.

ಕುಂದಾಪುರ ದುಬೈ:

ದುಬೈಗೂ ಒಮ್ಮೆ ಬನ್ನಿ ಮಾರಾಯ್ರೆ. ಬುರ್ಜ್ ಖಲೀಫಾ ಏಳುತ್ತಿದ್ದಾಗ ನಾನು ಪಕ್ಕದ ಸೈಟ್‌ನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಹೊತ್ತು ಕಾಂಕ್ರೀಟ್ ಹಾಕುತ್ತಿದ್ದರು, ಐಸ್ ಬೆರೆಸಿ. ಹಗಲು ಹಾಕಿದರೆ ಸೆಕೆಗೆ ಬೇಗ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಪಂಪ್‌ನಲ್ಲಿ 600 ಮೀಟರ್‌ಗೂ ಮೇಲೆ ಏರಿಸಿದರು. ಡ್ಯೂಟಿ ಮುಗಿಸಿ ಹೋಗುವಾಗ ದಿನಾ ತಲೆ ಎತ್ತಿ ನೋಡುತ್ತಿದ್ದೆ, ಲೈಟುಗಳು ಮೋಡದೊಳಗೆ ಇರುತ್ತಿದ್ದವು.

ಅದರ ಬುಡ ಮೂರು ರೆಕ್ಕೆಯದ್ದು. ನಡುವಿನ ಗೋಡೆಗೆ ಮೂರೂ ಕಡೆಯಿಂದ ಆನಿಕೆ ಕೊಟ್ಟ ಹಾಗೆ. 828 ಮೀಟರ್ ನಿಂತಿರುವುದು ಹಾಗೆಯೇ. ಖಾನ್ ಕೆಲಸ ಮಾಡಿದ ಕಂಪನಿಯೇ ಅದನ್ನೂ ಡಿಸೈನ್ ಮಾಡಿದ್ದು.

ಗೌಂಡಿಮಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಳಿಗ್ಗೆ 9ಕ್ಕೆ ಮೊನಾಡ್ನಾಕ್, ಅಲ್ಲಿಂದ ಜ್ಯಾಕ್ಸನ್ ರಸ್ತೆ ಹಿಡಿದು ಸಿಯರ್ಸ್ ಬುಡ, ಸಂಜೆ ಹ್ಯಾನ್‌ಕಾಕ್. ಟಿಕೆಟ್ ಬುಕ್ ಮಾಡಿದೆ.

ಮೊನಾಡ್ನಾಕ್ ಮುಂದೆ ನಿಂತು ಅಪ್ಪನಿಗೆ ವಿಡಿಯೋ ಕಾಲ್ ಮಾಡುತ್ತೇನೆ. ಆಗ ಊರಲ್ಲಿ ಸಂಜೆ 7.30, ಅವರು ಊಟಕ್ಕೆ ಕೂರುವ ಮೊದಲು. ನಿನ್ನೆ ರಾತ್ರಿ ಎಲ್ಲ ಹೇಳಿದೆ. 16 ಅಂತಸ್ತು ಬರೀ ಇಟ್ಟಿಗೆ ಮೇಲೆ ಅಂದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಗಾರಿಗೆ ಏನ ಕಲಸ್ಯಾರ, ಕೇಳಿ ಹೇಳು" ಅಂದರು. ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆಯಿರಿ.